ಸೆಖೆಗಾಲದಲ್ಲಿ ಮುಂದಿನ ಗ್ಲಾಸು ಮಬ್ಬಾದರೆ: ನೀರು ಯಾವ ಕಡೆ ಇದೆ ಅಂತ ಮೊದಲು ನೋಡಿ

ಪ್ರಶ್ನೆ: ನಮ್ಮದು ಕುಂದಾಪುರ. ಕೆಲಸಕ್ಕೆ ಆಗಾಗ ಕಾರಿನಲ್ಲಿ ಮಂಗಳೂರಿಗೆ ಹೋಗಿ ರಾತ್ರಿ ವಾಪಸು ಬರುತ್ತೇನೆ. ಮೇ ತಿಂಗಳ ಸೆಖೆಗೆ ಎಸಿ ಇಲ್ಲದೆ ಕೂರಲು ಆಗುವುದಿಲ್ಲ. ಆದರೆ ಸ್ವಲ್ಪ ದೂರ ಬರುವಷ್ಟರಲ್ಲಿ ಮುಂದಿನ ಗ್ಲಾಸು ಮಬ್ಬಾಗುತ್ತದೆ. ಬಟ್ಟೆಯಿಂದ ಒರೆಸಿದರೂ ಹೋಗುವುದಿಲ್ಲ. ಎಸಿ ಇನ್ನೂ ಜೋರು ಮಾಡಿ, ಗ್ಲಾಸಿಗೆ ಗಾಳಿ ಬಿಡುವ ಬಟನ್ ಒತ್ತಿದರೆ ಜಾಸ್ತಿಯೇ ಆಗುತ್ತದೆ. ಮಳೆಗಾಲದಲ್ಲಿ ಆಗುಂಬೆ ಘಾಟಿ ಹತ್ತುವಾಗ ಮಾತ್ರ ಇದೇ ಬಟನ್ ಒತ್ತಿದರೆ ಗ್ಲಾಸು ಸ್ವಚ್ಛ ಆಗುತ್ತದೆ. ಗ್ಯಾರೇಜಿನವರು "ಗ್ಯಾಸ್ ತುಂಬಿಸಿ ನೋಡೋಣ" ಅನ್ನುತ್ತಿದ್ದಾರೆ. ತುಂಬಿಸಲೇ?

ಉತ್ತರ: ಗ್ಯಾಸ್ ವಿಷಯ ಸದ್ಯಕ್ಕೆ ಬಿಡಿ, ಕೊನೆಗೆ ಹೇಳುತ್ತೇನೆ. "ಒರೆಸಿದರೂ ಹೋಗುವುದಿಲ್ಲ" ಅಂತ ಬರೆದಿದ್ದೀರಲ್ಲ, ಉತ್ತರ ಇರುವುದು ಅಲ್ಲೇ. ನೀವು ಒರೆಸುತ್ತಿರುವುದು ಗ್ಲಾಸಿನ ಒಳಮೈ. ನೀರು ಕೂತಿರುವುದು ಹೊರಮೈಯಲ್ಲಿ.

ಮುಂದಿನ ಸಲ ಹೀಗಾದಾಗ ವೈಪರ್ ಒಂದು ಸಲ ಹಾಕಿ ನೋಡಿ. ಮಬ್ಬು ಒಂದೇ ಎಳೆತಕ್ಕೆ ಹೋದರೆ ಅದು ಹೊರಗಿನದು. ಮಳೆ ಇಲ್ಲದ ರಾತ್ರಿ ವೈಪರ್ ಹಾಕಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ, ಹಾಗಾಗಿ ಎಷ್ಟೋ ಜನ ಒಳಗಿನಿಂದ ಉಜ್ಜುತ್ತಲೇ ಇರುತ್ತಾರೆ. ವೈಪರ್‌ಗೆ ಹೋಗದಿದ್ದರೆ ಗಾಡಿ ನಿಲ್ಲಿಸಿದಾಗ ಒಳಗಡೆ ಬೆರಳಿಂದ ಒಂದು ಗೆರೆ ಎಳೆಯಿರಿ. ಗೆರೆ ಮೂಡಿ ಬೆರಳು ಒದ್ದೆಯಾದರೆ ನೀರು ಒಳಗಿದೆ.

ಇನ್ನೊಂದು ಗುರುತೂ ಇದೆ. ಮಬ್ಬು ಎಲ್ಲಿಂದ ಶುರುವಾಗುತ್ತದೆ ಅಂತ ಗಮನಿಸಿ. ಡ್ಯಾಶ್‌ಬೋರ್ಡಿನ ಮೇಲೆ, ಗ್ಲಾಸಿನ ಬುಡದಲ್ಲಿ, ಉದ್ದದ ಸೀಳುಗಳಿವೆ ಅಲ್ವಾ? ಗ್ಲಾಸಿಗೆ ಗಾಳಿ ಬರುವುದು ಅಲ್ಲಿಂದ. ಹೊರಗಿನ ಮಬ್ಬು ಸಾಮಾನ್ಯವಾಗಿ ಆ ಸೀಳುಗಳ ನೇರಕ್ಕೆ ಬುಡದಲ್ಲಿ ಹುಟ್ಟಿ, ಬೀಸಣಿಗೆ ಬಿಚ್ಚಿದ ಹಾಗೆ ಮೇಲಕ್ಕೆ ಹರಡುತ್ತದೆ. ತಣ್ಣನೆ ಗಾಳಿ ಎಲ್ಲೆಲ್ಲಿ ತಾಗಿತೋ ಅಲ್ಲೆಲ್ಲ ಬಿಳಿ. ಒಳಗಿನ ಮಬ್ಬು ಹೀಗೆ ಆಕಾರ ಕಟ್ಟಿಕೊಂಡು ಬರುವುದಿಲ್ಲ. ಪಕ್ಕದ ಗ್ಲಾಸು, ಹಿಂದಿನ ಗ್ಲಾಸು ಎಲ್ಲ ಸೇರಿ ಒಟ್ಟಿಗೆ ಮಂಕಾಗುತ್ತವೆ.

ಹೊರಗಡೆ ಯಾಕೆ ನೀರು ಕೂರುತ್ತದೆ? ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿ ಮೇಜಿನ ಮೇಲೆ ಬೆವರುವುದು ಯಾಕೋ ಅದಕ್ಕೇ. ಲೆಕ್ಕ ಸ್ವಲ್ಪ ನೋಡಿದರೆ ವಿಷಯ ಸ್ಪಷ್ಟ ಆಗುತ್ತದೆ. ಕರಾವಳಿಯಲ್ಲಿ ಮೇ ತಿಂಗಳ ಒಂದು ರಾತ್ರಿ 30 ಡಿಗ್ರಿ ಇದೆ, ಗಾಳಿಯ ತೇವಾಂಶ ಶೇ 80 ಇದೆ ಅಂತಿಟ್ಟುಕೊಳ್ಳಿ. ಆ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 24 ಗ್ರಾಂ ನೀರು ಆವಿಯಾಗಿ ಇರುತ್ತದೆ. ಈ ಗಾಳಿ ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಗೆ ತಾಗಿದರೂ ಅಲ್ಲಿ ನೀರು ಬಿಡುತ್ತದೆ. ಇಬ್ಬನಿ ಬೀಳುವುದೂ ಹೀಗೆಯೇ. ನಿಮ್ಮ ಎಸಿಯಿಂದ ಹೊರಬರುವ ಗಾಳಿ 8-10 ಡಿಗ್ರಿ ಇರಬಹುದು. ಅದನ್ನು ನೇರ ಗ್ಲಾಸಿಗೆ ಬಿಟ್ಟರೆ ಗ್ಲಾಸು 26ಕ್ಕಿಂತ ಕೆಳಗಿಳಿಯಲು ಎಷ್ಟು ಹೊತ್ತು ಬೇಕು? ನೀವು ಎಸಿ ಜೋರು ಮಾಡಿದಷ್ಟೂ ಗ್ಲಾಸು ತಣ್ಣಗಾಗುತ್ತದೆ, ಹೊರಗಿನ ನೀರು ಅಷ್ಟೂ ಹೆಚ್ಚುತ್ತದೆ.

ಬೆಂಗಳೂರಿನವರಿಗೆ ಇದು ಬೇಸಿಗೆಯಲ್ಲಿ ಕಾಣುವುದು ಅಪರೂಪ. ಏಪ್ರಿಲ್ ಮಧ್ಯಾಹ್ನ ಅಲ್ಲಿ 33 ಡಿಗ್ರಿ ಬಿಸಿಲಿದ್ದರೂ ತೇವಾಂಶ ಶೇ 30ರ ಆಸುಪಾಸಿಗೆ ಇಳಿದಿರುತ್ತದೆ. ಅಂಥ ಗಾಳಿಯಿಂದ ನೀರು ಇಳಿಯಬೇಕಾದರೆ ಗ್ಲಾಸು 13 ಡಿಗ್ರಿಯಷ್ಟು ತಣ್ಣಗಾಗಬೇಕು. ಅದಕ್ಕೇ ರಜೆಗೆ ಕರಾವಳಿಗೆ ಬಂದವರು "ಇಲ್ಲಿಗೆ ಬಂದ ಕೂಡಲೇ ಕಾರು ಹಾಳಾಯಿತು" ಅಂದುಕೊಳ್ಳುತ್ತಾರೆ. ಕಾರು ಚೆನ್ನಾಗಿಯೇ ಇರುತ್ತದೆ.

ಹೊರಗಿನ ಮಬ್ಬಿಗೆ ಮಾಡಬೇಕಾದ್ದು ಇಷ್ಟೇ. ತಕ್ಷಣಕ್ಕೆ ವೈಪರ್ ಹಾಕಿ, ರಸ್ತೆ ಕಾಣಲಿ. ಆಮೇಲೆ ಗ್ಲಾಸಿಗೆ ಹೋಗುತ್ತಿರುವ ಗಾಳಿಯನ್ನು ಮುಖದ ಕಡೆಗೋ ಕಾಲಿನ ಕಡೆಗೋ ತಿರುಗಿಸಿ. ಉಷ್ಣತೆ 18ಕ್ಕೆ ಇಟ್ಟಿದ್ದರೆ 25-26ಕ್ಕೆ ಏರಿಸಿ. ಗಾಳಿ ಬೀಸುವ ಫ್ಯಾನ್, ಅಂದರೆ ಬ್ಲೋವರ್, ಒಂದೆರಡು ಹಂತ ಇಳಿಸಿ. ಸ್ವಲ್ಪ ಹೊತ್ತಿನಲ್ಲಿ ಗ್ಲಾಸು ಬಿಸಿಯಾಗಿ ನೀರು ಕೂರುವುದು ನಿಲ್ಲುತ್ತದೆ. ಎಸಿ ಆಫ್ ಮಾಡಬೇಕಾಗಿಲ್ಲ. ನಿಮಗೆ ತಂಪು ಬೇಕು, ಸರಿ. ಗ್ಲಾಸಿಗೆ ಬೇಡ.

ಒಂದು ಮಾತು ಮರೆಯಬೇಡಿ. ನೀವು ಹೇಳಿದ ಆ ಬಟನ್, ಅಂದರೆ ಮುಂದಿನ ಗ್ಲಾಸಿನ ಮಬ್ಬು ತೆಗೆಯುವ ಡಿಫಾಗರ್ ಬಟನ್, ಒತ್ತಿದರೆ ಬಹಳಷ್ಟು ಕಾರುಗಳಲ್ಲಿ ಎಸಿ ತಾನೇ ಆನ್ ಆಗುತ್ತದೆ, ಬ್ಲೋವರ್ ಜೋರಾಗುತ್ತದೆ, ಗಾಳಿಯೆಲ್ಲ ಗ್ಲಾಸಿಗೆ ಹೋಗುತ್ತದೆ. ಆದರೆ ಉಷ್ಣತೆ ನೀವು ಮೊದಲು ಎಷ್ಟಕ್ಕೆ ಇಟ್ಟಿದ್ದಿರೋ ಅಷ್ಟರಲ್ಲೇ ಉಳಿಯಬಹುದು. 18ಕ್ಕೆ ಇಟ್ಟು ಸೆಖೆಗಾಲದಲ್ಲಿ ಈ ಬಟನ್ ಒತ್ತುವುದು ಅಂದರೆ ಗ್ಲಾಸನ್ನು ಬೇಕೆಂದೇ ತಣ್ಣಗೆ ಮಾಡಿದ ಹಾಗೆ. ಸೆಖೆ, ತೇವ ಜಾಸ್ತಿ ಇರುವಾಗ ತಂಪು ಗಾಳಿಯ ಜೊತೆ ಇದನ್ನು ಬಳಸಬೇಡಿ ಅಂತ ಕೆಲವು ಕಾರುಗಳ ಕೈಪಿಡಿಯಲ್ಲೇ ಎಚ್ಚರಿಕೆ ಇದೆ. ಕೈಪಿಡಿ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲೇ ಉಳಿದುಬಿಡುತ್ತದೆ, ಯಾರೂ ತೆಗೆದು ನೋಡುವುದಿಲ್ಲ.

ಪಕ್ಕದ ಗ್ಲಾಸಿನ ಕಥೆಯೂ ಇದೇ. ಹೊರಗಿನ ಕನ್ನಡಿ ನೋಡುವ ಜಾಗದಲ್ಲೇ ಗುಂಡಗೆ ಮಬ್ಬು ಕಟ್ಟುತ್ತಿದ್ದರೆ, ಡ್ಯಾಶ್‌ಬೋರ್ಡಿನ ಮೂಲೆಯ ವೆಂಟ್ ಯಾವ ಕಡೆ ತಿರುಗಿದೆ ನೋಡಿ. ಅದರ ಪಟ್ಟಿಗಳು ಬಾಗಿಲಿನ ಗ್ಲಾಸಿಗೆ ಮುಖ ಮಾಡಿರುತ್ತವೆ. ಎದೆಯ ಕಡೆ ತಿರುಗಿಸಿ. ಪಕ್ಕದ ಗ್ಲಾಸಿಗೆ ವೈಪರ್ ಇಲ್ಲ, ನಿಜ. ಗ್ಲಾಸನ್ನು ಪೂರ್ತಿ ಇಳಿಸಿ ಮತ್ತೆ ಏರಿಸಿ. ಬಾಗಿಲಿನ ಅಂಚಿನ ರಬ್ಬರ್ ಪಟ್ಟಿಗಳೇ ಮುಕ್ಕಾಲು ಪಾಲು ನೀರು ಒರೆಸಿಬಿಡುತ್ತವೆ.

ಈಗ ಆಗುಂಬೆಗೆ ಬರೋಣ. ಅಲ್ಲಿ ನಡೆಯುವುದು ಇದಕ್ಕೆ ಪೂರ್ತಿ ಉಲ್ಟಾ.

ಜುಲೈ ತಿಂಗಳು. ಹೆಬ್ರಿ, ಸೋಮೇಶ್ವರ ದಾಟಿ ಹದಿನಾಲ್ಕು ತಿರುವುಗಳ ಆ ಏರು ಶುರುವಾಗುತ್ತದೆ. ಮೇಲಕ್ಕೆ ಹೋದ ಹಾಗೆ ಗಾಳಿ ತಣ್ಣಗಾಗುತ್ತದೆ. ಮಳೆನೀರು ಬೇರೆ ಗ್ಲಾಸಿನ ಮೇಲೆ ಸುರಿದು ಅದನ್ನು ಇನ್ನೂ ತಂಪು ಮಾಡುತ್ತದೆ. ಒಳಗೆ ನಾಲ್ಕೈದು ಜನ, ನೆನೆದ ಕೊಡೆ, ಒದ್ದೆ ಬಟ್ಟೆ, ಚಪ್ಪಲಿಯ ಜೊತೆ ಬಂದ ನೀರು. ಸುಮ್ನೆ ಕೂತ ಒಬ್ಬ ಮನುಷ್ಯನ ಉಸಿರು ಮತ್ತು ಮೈಯಿಂದಲೇ ಗಂಟೆಗೆ ಸುಮಾರು 50 ಗ್ರಾಂ ನೀರು ಆವಿಯಾಗಿ ಹೊರಬರುತ್ತದೆ. ನಾಲ್ಕು ಜನ ಅಂದರೆ ಗಂಟೆಗೆ ಒಂದು ಲೋಟ ನೀರು. ಕಿಟಕಿ ಎಲ್ಲ ಮುಚ್ಚಿದೆ. ಆ ನೀರು ಹೋಗಿ ಕೂರುವುದು ತಣ್ಣಗಿರುವ ಗ್ಲಾಸಿನ ಒಳಮೈ ಮೇಲೆ.

ಇಲ್ಲಿ ಎಸಿ ಬೇಕೇ ಬೇಕು. ತಂಪಿಗಲ್ಲ, ಗಾಳಿ ಒಣಗಿಸುವುದಕ್ಕೆ. ಎಸಿಯ ಕಾಯಿಲ್ (ಒಳಗಿರುವ ತಣ್ಣನೆ ಕೊಳವೆಗಳ ಸುರುಳಿ) ಮೇಲೆ ಹಾದುಹೋಗುವ ಗಾಳಿ ತನ್ನ ನೀರನ್ನು ಅಲ್ಲೇ ಬಿಡುತ್ತದೆ. 10 ಡಿಗ್ರಿಗೆ ಇಳಿದ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 9 ಗ್ರಾಂ ಚಿಲ್ಲರೆ ನೀರನ್ನಷ್ಟೇ ಇಟ್ಟುಕೊಳ್ಳಬಲ್ಲದು. ಉಳಿದದ್ದು ಕಾಯಿಲ್‌ನಿಂದ ತೊಟ್ಟಿಕ್ಕಿ ಒಂದು ಸಣ್ಣ ಪೈಪಿನ ಮೂಲಕ ಕಾರಿನ ಅಡಿಗೆ ಬೀಳುತ್ತದೆ. ಎಸಿ ಹಾಕಿ ನಿಲ್ಲಿಸಿದ ಕಾರಿನ ಕೆಳಗೆ ಕಾಣುವ ನೀರು ಅದೇ. ಹೀಗೆ ಒಣಗಿದ ಗಾಳಿ ಗ್ಲಾಸಿಗೆ ತಾಗಿದರೆ ಮಬ್ಬನ್ನು ಹೀರಿಕೊಳ್ಳುತ್ತದೆ.

ಅದಕ್ಕೇ ಘಾಟಿಯಲ್ಲಿ ನಿಮ್ಮ ಬಟನ್ ಕೆಲಸ ಮಾಡುತ್ತದೆ. ಇನ್ನೂ ಚೆನ್ನಾಗಿ ಕೆಲಸ ಮಾಡಬೇಕಾದರೆ ಎಸಿ ಆನ್ ಇರುವಾಗಲೇ ಉಷ್ಣತೆಯ ನಾಬ್ ಅನ್ನು ನೀಲಿಯಿಂದ ನಡುವಿನ ತನಕ, ಬೇಕಾದರೆ ಕೆಂಪಿನ ಕಡೆಗೂ ತಿರುಗಿಸಿ. ಎಸಿ ಮತ್ತು ಹೀಟರ್ ಎರಡೂ ಒಟ್ಟಿಗಾ ಅಂತ ಜನ ಆಶ್ಚರ್ಯಪಡುತ್ತಾರೆ. ಹೌದು, ಎರಡೂ ಒಟ್ಟಿಗೆ. ಗಾಳಿ ಮೊದಲು ಎಸಿಯ ಕಾಯಿಲ್ ದಾಟಿ ಒಣಗುತ್ತದೆ, ಆಮೇಲೆ ಎಂಜಿನ್ನಿನ ಬಿಸಿನೀರು ಹರಿಯುವ ಹೀಟರ್ ದಾಟಿ ಬೆಚ್ಚಗಾಗುತ್ತದೆ. ಒಣ, ಬೆಚ್ಚನೆ ಗಾಳಿ ಗ್ಲಾಸಿಗೆ ಬಂದರೆ ಒಳಗೆ ಮಬ್ಬು ನಿಲ್ಲುವುದಿಲ್ಲ. ಗ್ಲಾಸು ತಣ್ಣಗಾಗದ ಕಾರಣ ಹೊರಗೂ ಕೂರುವುದಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ ಬಿಸಿ ಬ್ಯಾಟರಿಯ ಖರ್ಚಿನಲ್ಲಿ ಬರುತ್ತದೆ, ಸ್ವಲ್ಪ ರೇಂಜ್ ಕಡಿಮೆಯಾಗುತ್ತದೆ. ಘಾಟಿಯಲ್ಲಿ ಆ ಖರ್ಚು ಮಾಡಲೇಬೇಕು.

ನನಗೆ ನಿಜಕ್ಕೂ ಕಳವಳ ತರುವ ಒಂದು ಅಭ್ಯಾಸ ಇದೆ. ಘಾಟಿ ಏರುವಾಗ "ಪಿಕಪ್ ಸಿಗಲಿ" ಅಂತ ಎಸಿ ಆಫ್ ಮಾಡುವುದು. ಬ್ಲೋವರ್ ಮಾತ್ರ ಹಾಗೇ ತಿರುಗುತ್ತಿರುತ್ತದೆ. ಆಗ ಏನಾಗುತ್ತದೆ ನೋಡಿ. ಅಷ್ಟು ಹೊತ್ತು ಎಸಿ ಓಡಿದ್ದರಿಂದ ಕಾಯಿಲ್ ಪೂರ್ತಿ ಒದ್ದೆಯಾಗಿದೆ. ಎಸಿಯ ಗ್ಯಾಸ್ ಒತ್ತುವ ಕಂಪ್ರೆಸರ್ ನಿಂತ ಕೂಡಲೇ ಕಾಯಿಲ್ ಬಿಸಿಯಾಗಲು ಶುರುವಾಗುತ್ತದೆ. ಅದರ ಮೇಲಿನ ನೀರನ್ನೆಲ್ಲ ಬ್ಲೋವರ್ ಆವಿ ಮಾಡಿ ನೇರ ತಣ್ಣನೆ ಗ್ಲಾಸಿಗೆ ತಂದು ಹಾಕುತ್ತದೆ. ನೋಡನೋಡುತ್ತಿದ್ದಂತೆ ಇಡೀ ಗ್ಲಾಸು ಬಿಳಿ. ಅದೂ ತಿರುವಿನಲ್ಲಿ, ಎದುರಿನಿಂದ ಬಸ್ಸು ಇಳಿಯುತ್ತಿರುವಾಗ. ದಯವಿಟ್ಟು ಹೀಗೆ ಮಾಡಬೇಡಿ. ಈಗಿನ ಬಹಳಷ್ಟು ಕಾರುಗಳಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕಾರೇ ಕಂಪ್ರೆಸರ್ ಅನ್ನು ಸ್ವಲ್ಪ ಹೊತ್ತು ಬಿಡಿಸಿಕೊಡುತ್ತದೆ. ಹಳೆಯ ಸಣ್ಣ ಕಾರಾದರೆ ಒಂದು ಗೇರ್ ಕೆಳಗೆ ಹಾಕಿ ನಿಧಾನಕ್ಕೆ ಹತ್ತಿ. ಸಿಗ್ನಲ್‌ನಲ್ಲಿ ಎಂಜಿನ್ ತಾನೇ ನಿಲ್ಲುವ ಕಾರುಗಳಲ್ಲೂ ಮಳೆಗಾಲದಲ್ಲಿ ಇದೇ ರೀತಿ ದಿಢೀರ್ ಮಬ್ಬು ಬರಬಹುದು. ಅಂಥ ದಿನ ಆ ಸೌಲಭ್ಯವನ್ನು ಆಫ್ ಮಾಡಿಟ್ಟರೆ ಒಳ್ಳೆಯದು.

ರಿಸರ್ಕ್ಯುಲೇಶನ್ ಬಟನ್ ಬಗ್ಗೆಯೂ ಹೇಳಬೇಕು, ಕಾರಿನೊಳಗೆ ಬಾಣ ಸುತ್ತು ಹೊಡೆಯುವ ಚಿತ್ರ ಇರುವುದು. "ಮಬ್ಬು ಬಂದರೆ ಅದನ್ನು ಯಾವಾಗಲೂ ಆಫ್ ಮಾಡಿ" ಅನ್ನುವುದು ಅರ್ಧ ಸತ್ಯ. ಎಸಿ ಓಡುತ್ತಿದ್ದರೆ ಒಳಗಿನ ಗಾಳಿಯೇ ಮತ್ತೆ ಮತ್ತೆ ಕಾಯಿಲ್ ದಾಟಿ ಒಣಗುತ್ತಿರುತ್ತದೆ. ಹಾಗಾಗಿ ಕರಾವಳಿಯ ಸೆಖೆಯಲ್ಲಿ ರಿಸರ್ಕ್ಯುಲೇಶನ್ ಇದ್ದರೆ ತೊಂದರೆ ಇಲ್ಲ, ಹೊರಗಿನ ಹಸಿ ಗಾಳಿ ಒಳಗೆ ಬರುವುದೇ ತಪ್ಪುತ್ತದೆ. ಘಾಟಿಯ ಮೇಲೆ ಹಾಗಲ್ಲ. ಅಲ್ಲಿ ಹೊರಗಿನ ಗಾಳಿ ತಣ್ಣಗಿರುತ್ತದೆ. ಮಳೆ ಬೀಳುತ್ತಿದ್ದರೂ ಅದರಲ್ಲಿರುವ ನೀರು ನಿಮ್ಮ ಕಾರಿನೊಳಗಿನ ಗಾಳಿಯಲ್ಲಿರುವುದಕ್ಕಿಂತ ಕಡಿಮೆ. ಅದನ್ನು ಒಳಗೆ ಬಿಟ್ಟುಕೊಳ್ಳಿ. ಎಲ್ಲಕ್ಕಿಂತ ಕೆಟ್ಟ ಜೋಡಿ ಅಂದರೆ ಎಸಿ ಆಫ್, ರಿಸರ್ಕ್ಯುಲೇಶನ್ ಆನ್. ಆಗ ನಿಮ್ಮ ಉಸಿರಿನ ನೀರು ಹೊರಗೆ ಹೋಗಲು ದಾರಿಯೇ ಇರುವುದಿಲ್ಲ.

ಘಾಟಿ ಇಳಿಯುವಾಗ ಇನ್ನೊಂದು ಅನುಭವ ಆಗುತ್ತದೆ, ಶಿರಾಡಿಯಲ್ಲಿ ಓಡಾಡುವವರಿಗೆ ಗೊತ್ತಿರುತ್ತದೆ. ಸಕಲೇಶಪುರದ ತಂಪಿನಲ್ಲಿ ಎಸಿ ಹಾಕಿಕೊಂಡು ಹೊರಟ ಕಾರಿನ ಗ್ಲಾಸು ತಣ್ಣಗಿರುತ್ತದೆ. ಗುಂಡ್ಯದ ಹತ್ತಿರ ಇಳಿಯುತ್ತಿದ್ದ ಹಾಗೆ ಕೆಳಗಿನ ಬೆಚ್ಚನೆ, ಹಸಿ ಗಾಳಿ ಅದಕ್ಕೆ ತಾಗುತ್ತದೆ. ಒಳಗೆ ಏನೂ ಬದಲಾಗದಿದ್ದರೂ ಹೊರಗಡೆ ಮಬ್ಬು. ಇಳಿಜಾರು ಮುಗಿಯುವ ಮುಂಚೆಯೇ ಉಷ್ಣತೆ ಎರಡು ಮೂರು ಡಿಗ್ರಿ ಏರಿಸಿಟ್ಟರೆ ಇದು ಬರುವುದೇ ಇಲ್ಲ. ಬಂದರೆ ವೈಪರ್ ಇದ್ದೇ ಇದೆ.

ಮಬ್ಬು ಒಳಗಿನದೋ ಹೊರಗಿನದೋ ತಿಳಿಯದೆ ಗಾಬರಿಯಾದರೆ ಮೊದಲು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ವೈಪರ್ ಹಾಕಿ, ನಿಮ್ಮ ಪಕ್ಕದ ಕಿಟಕಿ ಇಳಿಸಿ. ಕಿಟಕಿ ಇಳಿಸಿದರೆ ಒಳಗೂ ಹೊರಗೂ ಗಾಳಿ ಹತ್ತಿರ ಹತ್ತಿರ ಒಂದೇ ಆಗುತ್ತದೆ. ಯಾವ ಕಡೆಯ ಮಬ್ಬಾದರೂ ಕಡಿಮೆಯಾಗುತ್ತದೆ. ರಸ್ತೆ ಕಾಣುತ್ತಿಲ್ಲ ಅಂತ ಇದ್ದ ಜಾಗದಲ್ಲೇ ನಿಲ್ಲಿಸಬೇಡಿ, ಎಡಕ್ಕೆ ಪೂರ್ತಿ ಇಳಿಸಿ ನಿಲ್ಲಿಸಿ. ಓಡಿಸುತ್ತಲೇ ಅಂಗೈಯಿಂದ ಗ್ಲಾಸು ಉಜ್ಜಬೇಡಿ. ಕೈಯ ಜಿಡ್ಡು ಅಂಟಿಕೊಂಡು, ಎದುರಿನ ಹೆಡ್‌ಲೈಟ್ ಬಿದ್ದಾಗ ಆ ಜಾಗವೆಲ್ಲ ಹೊಳೆದು ಕಣ್ಣು ಕುಕ್ಕುತ್ತದೆ.

ಜಿಡ್ಡಿನ ಮಾತು ಬಂತಲ್ಲ. ಒಳಗಡೆ ಗ್ಲಾಸು ಕೊಳೆಯಾಗಿದ್ದರೆ ಮಬ್ಬು ಬೇಗ ಹಿಡಿಯುತ್ತದೆ, ಬೇಗ ಬಿಡುವುದಿಲ್ಲ. ಬಿಸಿಲಿಗೆ ನಿಂತ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಕಾದು, ಅದರಿಂದ ಏಳುವ ಅಂಶ ಗ್ಲಾಸಿನ ಮೇಲೆ ತೆಳುವಾಗಿ ಕೂರುತ್ತದೆ. ಡ್ಯಾಶ್‌ಬೋರ್ಡ್ ಪಾಲಿಶ್, ಊದುಬತ್ತಿಯ ಹೊಗೆ, ಸಿಗರೇಟು ಇವೆಲ್ಲ ಅದಕ್ಕೆ ಸೇರುತ್ತವೆ. ಎರಡು ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಳ್ಳಿ. ಒಂದಕ್ಕೆ ಗ್ಲಾಸ್ ಕ್ಲೀನರ್ ಹಾಕಿ ಒರೆಸಿ, ಇನ್ನೊಂದು ಒಣ ಬಟ್ಟೆಯಲ್ಲಿ ಮತ್ತೆ ಒರೆಸಿ. ಬುಡದ ಮೂಲೆಗಳಿಗೆ ಕೈ ಹೋಗುವುದು ಕಷ್ಟ, ಆದರೆ ಅವನ್ನು ಬಿಡಬೇಡಿ. ಬಟ್ಟೆಯನ್ನು ಬೆರಳಿನ ಬೆನ್ನಿಗೆ ಸುತ್ತಿಕೊಂಡು, ಕೈ ಮಗುಚಿ ತಳ್ಳಿದರೆ ತಲುಪುತ್ತದೆ.

ಮನೆಮದ್ದುಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಶೇವಿಂಗ್ ಫೋಮ್ ಅಥವಾ ಒಂದು ಹನಿ ಶಾಂಪೂ ಒಳಗಡೆ ಹಚ್ಚಿ ಒರೆಸಿದರೆ ನೀರು ಹನಿಗಟ್ಟದೆ ಹರಡಿಕೊಳ್ಳುತ್ತದೆ. ಕೆಲವು ದಿನ ಕೆಲಸ ಮಾಡುತ್ತದೆ. ಚೆನ್ನಾಗಿ ಒರೆಸದಿದ್ದರೆ ರಾತ್ರಿ ಬೆಳಕು ಚೆದುರುತ್ತದೆ, ಹಾಗಾಗಿ ರಾತ್ರಿ ಓಡಿಸುವ ನಿಮಗೆ ನಾನು ಹೇಳುವುದಿಲ್ಲ. ಉಪ್ಪಿನ ಗಂಟು, ಅಕ್ಕಿ ಗಂಟು, ಸಿಲಿಕಾ ಜೆಲ್ ಇಡುವುದರಿಂದ ನಿಲ್ಲಿಸಿದ ಕಾರಿಗೆ ಅಷ್ಟಿಷ್ಟು ಉಪಯೋಗ ಇರಬಹುದು. ನಾಲ್ಕು ಜನ ಕೂತು ಹೊರಟರೆ ಅವು ಯಾವ ಲೆಕ್ಕಕ್ಕೂ ಬರುವುದಿಲ್ಲ. ಆಲೂಗಡ್ಡೆ, ಹೊಗೆಸೊಪ್ಪು ಉಜ್ಜುವುದು ಹೊರಗಿನ ಮಳೆನೀರು ಜಾರಲಿ ಅಂತ ಮಾಡುವ ಉಪಾಯ. ಮಬ್ಬಿಗೆ ಅದನ್ನು ನೆಚ್ಚಬೇಡಿ.

ಒಳಗಿನ ಮಬ್ಬು ಮಳೆ ಇಲ್ಲದ ದಿನವೂ ಬರುತ್ತಿದ್ದರೆ, ಬೆಳಿಗ್ಗೆ ಕಾರು ತೆಗೆಯುವಾಗಲೇ ಗ್ಲಾಸು ಒದ್ದೆಯಾಗಿದ್ದರೆ, ಒಳಗೆಲ್ಲೋ ನೀರು ನಿಂತಿದೆ. ಕಾಲಡಿಯ ಮ್ಯಾಟ್ ಎತ್ತಿ, ಕೆಳಗಿನ ಕಾರ್ಪೆಟ್ ಅನ್ನು ಅಂಗೈಯಿಂದ ಒತ್ತಿ ನೋಡಿ. ರಬ್ಬರ್ ಮ್ಯಾಟ್ ಮೇಲೆ ಒಣಗಿದ್ದರೂ ಅಡಿಯಲ್ಲಿ ಹಸಿ ಇರುತ್ತದೆ. ಮುಂದೆ ಎಡಗಡೆಯ ಸೀಟಿನ ಕಾಲಡಿ ಒದ್ದೆ ಇದ್ದರೆ ಎಸಿಯ ನೀರು ಹೋಗುವ ಪೈಪ್ ಕಟ್ಟಿಕೊಂಡಿರಬಹುದು. ಸೆಖೆ ದಿನ ಎಸಿ ಹಾಕಿ ಹತ್ತು ಹದಿನೈದು ನಿಮಿಷ ಆದರೂ ಕಾರಿನ ಕೆಳಗೆ ಒಂದು ಹನಿ ಬೀಳದಿದ್ದರೆ ಅನುಮಾನ ಬಲವಾಗುತ್ತದೆ. ಬಾನೆಟ್ ಎತ್ತಿ ವೈಪರಿನ ಬುಡದ ಪ್ಲಾಸ್ಟಿಕ್ ಜಾಲರಿಯನ್ನೂ ನೋಡಿ. ಹೊರಗಿನ ಗಾಳಿ ಒಳಗೆ ಬರುವುದು ಅಲ್ಲಿಂದ. ಮರದಡಿ ನಿಲ್ಲಿಸುವ ಕಾರುಗಳಲ್ಲಿ ಅಲ್ಲಿ ಎಲೆ, ಹೂವು ಕೊಳೆತು ನೀರಿನ ದಾರಿ ಮುಚ್ಚಿರುತ್ತದೆ. ಮಬ್ಬಿನ ಜೊತೆ ಸಿಹಿ ವಾಸನೆ, ಗ್ಲಾಸಿನ ಮೇಲೆ ಎಣ್ಣೆಯಂಥ ಪೊರೆ, ಎಂಜಿನ್ ತಣಿಸುವ ಕೂಲೆಂಟ್ ಕಡಿಮೆಯಾಗುವುದು ಇವು ಕಂಡರೆ ಹೀಟರ್ ಸೋರುತ್ತಿದೆ. ಅದನ್ನು ಮಾತ್ರ ತಡಮಾಡದೆ ಗ್ಯಾರೇಜಿಗೆ ಒಯ್ಯಿರಿ.

ಇನ್ನು ನಿಮ್ಮ ಗ್ಯಾಸ್ ಪ್ರಶ್ನೆ. ತುಂಬಿಸಬೇಡಿ. ಹೊರಗಡೆ ನೀರು ಕೂರುವಷ್ಟು ಗ್ಲಾಸು ತಣ್ಣಗಾಗುತ್ತಿದೆ ಅಂದಮೇಲೆ ನಿಮ್ಮ ಎಸಿ ಚೆನ್ನಾಗಿಯೇ ತಂಪು ಕೊಡುತ್ತಿದೆ. ಘಾಟಿಯಲ್ಲಿ ಒಳಗಿನ ಮಬ್ಬನ್ನೂ ಅದು ತೆಗೆಯುತ್ತಿದೆ. ಗ್ಯಾಸ್ ಇಳಿದಿದ್ದರೆ ಈ ಎರಡೂ ಕುಂದುತ್ತಿದ್ದವು. ಎಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಿಲ್ಲ, ಮುಚ್ಚಿದ ಪೈಪುಗಳಲ್ಲೇ ಸುತ್ತುತ್ತಿರುತ್ತದೆ. ವರ್ಷ ವರ್ಷ ತುಂಬಿಸಬೇಕಾಗಿ ಬಂದರೆ ಎಲ್ಲೋ ಲೀಕ್ ಇದೆ, ಮೊದಲು ಅದನ್ನು ಹುಡುಕಿಸಬೇಕು. ಬೇಡದೆ ತುಂಬಿಸಿ ಗ್ಯಾಸ್ ಜಾಸ್ತಿಯಾದರೂ ತಂಪು ಕಡಿಮೆಯಾಗುತ್ತದೆ, ಕಂಪ್ರೆಸರ್‌ಗೆ ಕಷ್ಟ. ಆ ದುಡ್ಡಿಗೆ ಜೂನ್ ಮಳೆ ಹಿಡಿಯುವ ಮುಂಚೆ ವೈಪರ್ ಬ್ಲೇಡ್ ಹೊಸದು ಹಾಕಿಸಿ, ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಕಪ್ಪಗೆ ಧೂಳು ಕಟ್ಟಿದ್ದರೆ ಅದನ್ನೂ ಬದಲಿಸಿ. ಫಿಲ್ಟರ್ ಕಟ್ಟಿದ್ದರೆ ಬ್ಲೋವರ್ ನಾಲ್ಕಕ್ಕೆ ಇಟ್ಟರೂ ಗ್ಲಾಸಿಗೆ ಎರಡರಷ್ಟೇ ಗಾಳಿ ಬರುತ್ತದೆ, ಮಳೆಗಾಲದಲ್ಲಿ ಆಗುಂಬೆ ಹತ್ತುವಾಗ ನಿಮಗೆ ಆ ಗಾಳಿ ಪೂರ್ತಿ ಬೇಕಾಗುತ್ತದೆ.